ಐಸಿಯುನ ಬ್ಲಡ್ ಗ್ಯಾಸ್ ಮೆಷಿನ್: ವರ್ಷಗಟ್ಟಲೆ ಬಳಸಿದ ಮೇಲೆ

ನಮ್ಮ ಐಸಿಯುನಲ್ಲಿ ಕಾರ್ಟ್ರಿಡ್ಜ್ (ಪರೀಕ್ಷೆಯ ಸಾಮಗ್ರಿ ತುಂಬಿದ, ಬದಲಿಸುವ ಡಬ್ಬಿ) ಹಾಕುವ ಬ್ಲಡ್ ಗ್ಯಾಸ್ ಮೆಷಿನ್, ಅಂದರೆ ರಕ್ತದ ಆಮ್ಲೀಯತೆ, ಆಮ್ಲಜನಕ, ಕಾರ್ಬನ್ ಡೈಆಕ್ಸೈಡ್ ಅಳೆಯುವ ಯಂತ್ರ ಇದೆ. ಹಲವು ವರ್ಷಗಳಿಂದ ಹಗಲು ರಾತ್ರಿ ಅದರ ಜೊತೆಗೇ ಕೆಲಸ. ಕೊಳ್ಳುವ ಯೋಚನೆಯಲ್ಲಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಲ್ಯಾಕ್ಟೇಟ್ (ಜೀವಕೋಶಗಳಿಗೆ ಆಮ್ಲಜನಕ ಸಾಲದಾದಾಗ ರಕ್ತದಲ್ಲಿ ಏರುವ ವಸ್ತು) ತೋರಿಸುವ ಮಾಡೆಲನ್ನೇ ತೆಗೆದುಕೊಳ್ಳಿ.

ಬರೀ ಪಿಎಚ್ (ರಕ್ತ ಎಷ್ಟು ಆಮ್ಲೀಯ ಅನ್ನುವ ಅಳತೆ) ನಂಬಿದರೆ ಮೋಸ ಹೋಗುತ್ತೀರಿ. 7.35ರಿಂದ 7.45ರ ಒಳಗಿದ್ದರೆ ಎಲ್ಲ ಸರಿಯಿದೆ ಅನ್ನಿಸುತ್ತದೆ. ಆದರೆ ಸೆಪ್ಸಿಸ್ (ಸೋಂಕಿನಿಂದ ಅಂಗಾಂಗಗಳೇ ಕೆಡುವ ಸ್ಥಿತಿ) ಆದ ರೋಗಿ ಒಂದೇ ಸಮನೆ ವಾಂತಿ ಮಾಡಿಕೊಂಡಿದ್ದರೆ? ರಕ್ತದಲ್ಲಿ ಆಮ್ಲ ಏರುತ್ತಿರುತ್ತದೆ, ಹೊಟ್ಟೆಯ ಆಮ್ಲ ಹೊರಗೆ ಹೋಗಿರುತ್ತದೆ. ಎರಡೂ ಸೇರಿ ಪಿಎಚ್ 7.40 ಬರಬಹುದು. ಮೆಷಿನ್ ಮುದ್ರಿಸಿ ಕೊಡುವ ಅದೇ ಚೀಟಿಯ ಕೆಳಗೆ ಲ್ಯಾಕ್ಟೇಟ್ 5 ಅಂತ ಇರುತ್ತದೆ. ಅದು ಲೀಟರಿಗೆ 2 ಮಿಲಿಮೋಲ್‌ಗಿಂತ ಕಡಿಮೆ ಇರಬೇಕಾದದ್ದು. ಆ ಸಾಲು ಇಲ್ಲದಿದ್ದರೆ ಪಕ್ಕದ ಬೆಡ್‌ಗೆ ಹೋಗಿಬಿಡುತ್ತೇವೆ, ಅಲ್ವಾ?

ರಕ್ತ ಹಾಕಿ ಒಂದೆರಡು ನಿಮಿಷಕ್ಕೆಲ್ಲ ಚೀಟಿ ಕೈಗೆ ಬರುತ್ತದೆ. ನನಗೆ ತುಂಬಾ ಹಿಡಿಸಿದ್ದು ಇದೇ. ಸೆಪ್ಸಿಸ್‌ನಲ್ಲಿ ಲ್ಯಾಕ್ಟೇಟ್ 2 ದಾಟಿದ್ದರೆ 2ರಿಂದ 4 ಗಂಟೆಯೊಳಗೆ ಮತ್ತೆ ನೋಡಬೇಕು. ಇಳಿಯುತ್ತಿದೆಯೋ ಏರುತ್ತಿದೆಯೋ ಅನ್ನುವುದೇ ಮುಖ್ಯ. ರೋಗಿಗೆ ಅಡ್ರಿನಲಿನ್ ಡ್ರಿಪ್ ಓಡುತ್ತಿದ್ದರೆ ಅದರಿಂದಲೂ ಲ್ಯಾಕ್ಟೇಟ್ ಏರುತ್ತದೆ. ಹಾಗಾಗಿ ಚೀಟಿಯ ಜೊತೆ ರೋಗಿಯ ಕೈಕಾಲು ತಣ್ಣಗಿದೆಯಾ, ಮೂತ್ರ ಎಷ್ಟು ಬಂದಿದೆ ಅಂತಲೂ ನೋಡಿ.

ಸ್ಯಾಂಪಲ್ ವಿಷಯದಲ್ಲಿ ಮಾತ್ರ ಈ ಮೆಷಿನ್ ಏನನ್ನೂ ಕ್ಷಮಿಸುವುದಿಲ್ಲ. ಸಿರಿಂಜ್‌ನಲ್ಲಿ ಕೂತ ರಕ್ತದಲ್ಲೂ ಕೆಂಪು ಕಣಗಳು ಗ್ಲುಕೋಸ್ ಬಳಸಿ ಲ್ಯಾಕ್ಟೇಟ್ ಬಿಡುತ್ತಲೇ ಇರುತ್ತವೆ. ತೆಗೆದ 15 ನಿಮಿಷದೊಳಗೆ ಹಾಕದಿದ್ದರೆ ಸುಮ್ನೆ ಜಾಸ್ತಿ ತೋರಿಸುತ್ತದೆ. ರಕ್ತ ಹೆಪ್ಪುಗಟ್ಟದಂತೆ ಸಿರಿಂಜ್‌ಗೆ ಹಾಕುವ ಹೆಪಾರಿನ್ ದ್ರವ ಹೆಚ್ಚಾಗಿ ಉಳಿದಿದ್ದರೆ ಕಾರ್ಬನ್ ಡೈಆಕ್ಸೈಡ್, ಬೈಕಾರ್ಬೊನೇಟ್ (ರಕ್ತದ ಆಮ್ಲವನ್ನು ತಗ್ಗಿಸುವ ಅಂಶ) ಎರಡೂ ಕಡಿಮೆ ಬರುತ್ತವೆ. ಗಾಳಿಗುಳ್ಳೆ ಇದ್ದರೆ ತಕ್ಷಣ ಹೊರಹಾಕಿ, ಸಿರಿಂಜನ್ನು ಅಂಗೈಗಳ ನಡುವೆ ಉರುಳಿಸಿ.

ನನಗೆ ಬೇಜಾರಿರುವುದು ಕಾರ್ಟ್ರಿಡ್ಜ್ ಬಗ್ಗೆ. ಒಮ್ಮೆ ಹಾಕಿದರೆ ಬಳಸಿದರೂ ಬಳಸದಿದ್ದರೂ ಕೆಲವು ವಾರಕ್ಕೆ ಅವಧಿ ಮುಗಿಯುತ್ತದೆ. ಒಂದು ಸಣ್ಣ ರಕ್ತದ ಗಡ್ಡೆ ಒಳಗೆ ಸಿಕ್ಕಿಕೊಂಡರೆ ಇಡೀ ಕಾರ್ಟ್ರಿಡ್ಜೇ ಹೋಗಬಹುದು, ಅದೂ ಮೆಷಿನ್ ತುರ್ತಾಗಿ ಬೇಕಿರುವ ಹೊತ್ತಿನಲ್ಲಿ. ರೋಗಿಗಳು ಕಡಿಮೆ ಇರುವ ಕಡೆ ಚಿಕ್ಕ ಪ್ಯಾಕ್ ತರಿಸುವುದೇ ಲೇಸು. ಹೆಚ್ಚುವರಿ ಒಂದನ್ನು ಫ್ರಿಡ್ಜ್‌ನಲ್ಲಿಡಬೇಕೋ ಹೊರಗಿಡಬೇಕೋ ಅಂತ ಪ್ಯಾಕ್ ಮೇಲೆ ಓದಿಕೊಂಡು ಸದಾ ಕೈಗೆ ಸಿಗುವಂತೆ ಇಟ್ಟಿರಿ.

ಇನ್ನೊಂದು ವಿಷಯ ಮಾರುವವರು ಹೇಳುವುದಿಲ್ಲ. ಎಥಿಲೀನ್ ಗ್ಲೈಕಾಲ್ (ವಾಹನದ ಕೂಲೆಂಟ್‌ನಲ್ಲಿರುವ ವಿಷ) ಕುಡಿದು ಬಂದವರಲ್ಲಿ ಅದು ದೇಹದಲ್ಲಿ ಗ್ಲೈಕೊಲೇಟ್ ಆಗುತ್ತದೆ. ಇಂಥ ಹಲವು ಮೆಷಿನ್‌ಗಳು ಅದನ್ನೇ ಲ್ಯಾಕ್ಟೇಟ್ ಅಂತ ಎಣಿಸಿ ಭಾರೀ ಸಂಖ್ಯೆ ತೋರಿಸುತ್ತವೆ. ಲ್ಯಾಬ್‌ನಿಂದ ಬಂದ ಲ್ಯಾಕ್ಟೇಟ್ ಅದಕ್ಕಿಂತ ತೀರಾ ಕಡಿಮೆ ಇದ್ದರೆ ವಿಷದ ಕಡೆ ಯೋಚಿಸಿ, ಚಿಕಿತ್ಸೆಯನ್ನು ತಡಮಾಡಬೇಡಿ.