ಇಸಿ ಕ್ಲೀನ್ ಐತಿ ಅಂತ ಹಳೇ ಫ್ಲಾಟ್ ತಗೊಂಡು ಕುಂತೀರಿ ಮತ್ತ!

ಹುಬ್ಬಳ್ಳಿ ಧಾರವಾಡದಾಗ ರೀಸೇಲ್ ಫ್ಲಾಟ್ ನೋಡಾಕತ್ತವ್ರು ಇದನ್ನೊಮ್ಮೆ ಓದ್ರಿ. ಹಳೇ ಮಾಲೀಕ್ರು ಉಳಿಸಿದ ಮೇಂಟೆನೆನ್ಸ್ ಬಾಕಿ ಕಟ್ಟಿ ನಂದು 1,18,800 ರೂಪಾಯಿ ಹೋತು, ಪಾರ್ಕಿಂಗಿಂದು ಬ್ಯಾರೆ.

ಗೋಕುಲ ರೋಡ್ ಕಡೆ ಎರಡನೇ ಮಾಳಿಗಿ, 2 ಬಿಎಚ್‌ಕೆ. ಮಾಲೀಕ್ರು ಪುಣೆದಾಗ ಇರ್ತಾರ, ಒಂದ ದಿನ ಬಂದು ಸಹಿ ಮಾಡಿ ಹೋಗ್ತೀನಿ ಅಂದ್ರು, ಏಜೆಂಟಂತೂ "ಸರ್ ಇನ್ನೊಂದ್ ಪಾರ್ಟಿ ರೆಡಿ ಐತ್ರಿ" ಅಂತ ದಿನಕ್ಕ ಮೂರ್ ಸಲ ಫೋನು. ನಾವೂ ಕಣ್ಣು ಮುಚ್ಚಿ ತಗೊಂಡವ್ರಲ್ಲ ಮತ್ತ, ವಕೀಲರಿಗೆ ತೋರಿಸಿ ಇಸಿ (ಆಸ್ತಿ ಮ್ಯಾಲಿನ ಋಣಭಾರ ಪತ್ರ) ತೆಗಿಸಿದ್ವಿ, ಉತಾರ (ಆಸ್ತಿ ಯಾರ ಹೆಸರಿಲೆ ಐತಿ ಅನ್ನೋ ದಾಖಲೆ) ನೋಡಿದ್ವಿ, ಪಾಲಿಕೆ ಟ್ಯಾಕ್ಸ್ ಪಾವತಿ, ಹೆಸ್ಕಾಂ ಬಿಲ್ಲು, ಎಲ್ಲಾ ಚೊಕ್ಕ. ಫ್ಲಾಟ್ ಮಾಲೀಕ್ರ ಅಸೋಸಿಯೇಶನ್ ಅಂತ ಒಂದ್ ಐತಿ, ಅವ್ರನ್ನ ಕೇಳಬೇಕು ಅನ್ನೋದು ಯಾರ ತಲಿಗೂ ಬರ್ಲಿಲ್ಲ.

ಸಾಮಾನು ತಂದ ದಿನ ನಮ್ಮವ್ವನ ಟ್ರೆಜರಿ (ಕಬ್ಬಿಣದ ಕಪಾಟು) ಲಿಫ್ಟಿನಾಗ ಹಿಡಿಸಲಿಲ್ಲ, ನಾಕ್ ಮಂದಿ ಪಾವಟಗಿ ಮ್ಯಾಲೆ ಅದನ್ನ ತಿರುವಾಕತ್ತಿದ್ರು, ಅಷ್ಟೊತ್ತಿಗೆ ಸೆಕ್ರೆಟರಿ ಕಾಕಾರು ಉದ್ದನ ವಹಿ ಹಿಡ್ಕೊಂಡು ಬಂದ್ರು. "ತಮ್ಮಾ, ಅದು ಅಲ್ಲೇ ಇರ್ಲಿ, ಇದನ್ನೊಂದ್ ನೋಡು." ಮ್ಯಾಲೆ ನಮ್ಮ ಫ್ಲಾಟ್ ನಂಬರು, ಕೆಳಗ 46 ಸಾಲು, ತಿಂಗಳಿಗೆ 1,800 ರಂಗ, ಜಮಾ ಅನ್ನೋ ಕಡೆ ಎಲ್ಲಾ ಕೆಂಪು ಪೆನ್ನಿನ ಕಾಟು. 82,800 ಮೇಂಟೆನೆನ್ಸ್, ಹೊಸಾ ಬೋರ್‌ವೆಲ್ ಪಟ್ಟಿ 15,000, ಬಡ್ಡಿ 21,000.

"ಕಾಕಾರ, ನಾ ತಗೊಂಡು ಎಂಟ ದಿನ ಆಗಿಲ್ರಿ, ಅವ್ರನ್ನ ಕೇಳ್ರಿ" ಅಂದೆ.

"ಅವ್ರನ್ನ ನಾಕ್ ವರ್ಷ ಕೇಳೇನಿ. ಈಗ ಮನಿ ನಿಂದ ಅಲ್ಲೇನಪಾ?"

ಸಿಟ್ಟಿಲೆ ವಕೀಲರ ಹತ್ರ ಓಡಿದ್ರ ಅವ್ರು ಕಾಕಾರ ಮಾತು ಖರೆ ಐತಿ ಅಂದ್ಬಿಟ್ರು! ಕರ್ನಾಟಕ ಅಪಾರ್ಟ್‌ಮೆಂಟ್ ಓನರ್‌ಶಿಪ್ ಕಾಯ್ದೆ ಅಂತ 1972ರದ್ದು ಐತಿ, ಅದರ ಪ್ರಕಾರ ಡಿಕ್ಲರೇಶನ್ (ಈ ಬಿಲ್ಡಿಂಗ್ ಈ ಕಾಯ್ದೆಗೆ ಒಳಪಟ್ಟೈತಿ ಅಂತ ಮಾಲೀಕ್ರು ಬರದುಕೊಟ್ಟ ಪತ್ರ) ರಿಜಿಸ್ಟರ್ ಆಗಿರೋ ಬಿಲ್ಡಿಂಗಿನಾಗ ಫ್ಲಾಟ್ ಮಾರಿದ್ರ, ಮಾರೋತನಕದ ಬಾಕಿಗೆ ಮಾರಿದವ್ರೂ ಹೊಣಿ, ತಗೊಂಡವ್ರೂ ಹೊಣಿ. ನಾವು ಕಟ್ಟಿ ಆಮ್ಯಾಲೆ ಅವ್ರ ಕಡಿಂದ ವಸೂಲ್ ಮಾಡ್ಕೋಬಹುದು, ಮಾಡ್ಕೊಳ್ಳಾಕ ಆದ್ರ. ಅದ ಕಾಯ್ದೆದಾಗ ನಮ್ಮ ಕಡೆ ಒಂದು ಮಾತೂ ಐತಿ: ಖರೀದಿಗಿಂತ ಮೊದಲ ಅಸೋಸಿಯೇಶನ್ ಕಮಿಟಿಯವ್ರ ಕಡೆ ಬಾಕಿ ಎಷ್ಟು ಅಂತ ಬರವಣಿಗಿದಾಗ ಕೇಳಬಹುದು, ಅವ್ರು ಬರದು ಕೊಟ್ಟಿದ್ದಕ್ಕಿಂತ ಒಂದ್ ಪೈಸಾ ಹೆಚ್ಚಿಗೆ ನಮ್ಮ ಮ್ಯಾಲೆ ಬರಂಗಿಲ್ಲ. ಇದನ್ನ ರಿಜಿಸ್ಟ್ರಿಗಿಂತ ಮೊದಲ ಹೇಳೋದು ಬಿಟ್ಟು ಈಗ ಹೇಳ್ತಾರ. ಫೀ ಮಾತ್ರ ಮೊದಲ ತಗೊಂಡಿದ್ರು.

ಇಸಿದಾಗ ಯಾಕ ಬರ್ಲಿಲ್ಲ ಅಂದ್ರ ಅದ್ರಾಗ ಬರೋದು ರಿಜಿಸ್ಟರ್ ಆದ ಕಾಗದಪತ್ರ ಅಷ್ಟ, ಕಾಕಾರ ಕಪಾಟಿನಾಗಿನ ವಹಿ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಎಲ್ಲಿಂದ ಬರಬೇಕು.

ಪುಣೆಯವ್ರಿಗೆ ಫೋನ್ ಹಚ್ಚಿದ್ರ, ಮನಿ ಕೀಲಿ ಹಾಕಿತ್ತು, ನಾವು ಲಿಫ್ಟ್ ಹತ್ತಿಲ್ಲ, ನೀರು ಬಳಸಿಲ್ಲ, ಯಾಕ ಕೊಡೂದು ಅಂತಾರ. ಆ ವಾದ ನಡಿಯಂಗಿಲ್ಲ. ಬಳಸಂಗಿಲ್ಲ ಅಂತ ಹೇಳಿ ಖರ್ಚಿನ ಪಾಲು ತಪ್ಪಿಸ್ಕೊಳ್ಳಾಕ ಬರಂಗಿಲ್ಲ ಅಂತ ಅದ ಕಾಯ್ದೆದಾಗ ಐತಿ.

ಈ ಜಗಳದಾಗ ಅಸೋಸಿಯೇಶನ್‌ನವ್ರು ಎರಡ ದಿನ ನಮ್ಮ ನೀರಿನ ವಾಲ್ವ್ ಬಂದ್ ಮಾಡಿದ್ರು. ಹುಬ್ಬಳ್ಳ್ಯಾಗ ನಳದ ನೀರಿನ ಕಥಿ ನಿಮಗ ಗೊತ್ತ ಐತಿ, ಇದ್ದ ಟಾಕಿ ನೀರೂ ಬಂದ್ ಮಾಡಿದ್ರ ಹ್ಯಾಂಗ? ಬೈಲಾ (ಅಸೋಸಿಯೇಶನ್ ನಿಯಮದ ಪುಸ್ತಕ) ಝೆರಾಕ್ಸ್ ಕೊಡ್ರಿ ಅಂತ ಕುಂತೆ. 34 ಪಾನ ಓದಿದೆ, ನೀರು ಬಂದ್ ಮಾಡೋ ಅಧಿಕಾರ ಅದ್ರಾಗ ಎಲ್ಲೂ ಇಲ್ಲ, ತೋರಿಸಿದ ಮ್ಯಾಲೆ ಸುಮ್ನ ಬಿಟ್ರು. ಟೆರೇಸ್ ಮ್ಯಾಲೆ ಹಪ್ಪಳ ಸಂಡಗಿ ಹಾಕಬಾರ್ದು ಅಂತ ಮಾತ್ರ ಐತಿ, ನಮ್ಮವ್ವ ಇವತ್ತಿಗೂ ಅದಕ್ಕ ಬೈತಾಳ.

ಪುಣೆಯವ್ರು ಪಾರ್ಕಿಂಗ್ ಅಂತ "ಈ ಕಂಬದ ಬಾಜೂಕಿಂದು ನಿಮ್ದ" ಅಂದು 60,000 ಬ್ಯಾರೆ ಇಸ್ಕೊಂಡು ಒಂದ್ ಚೀಟಿ ಕೊಟ್ಟಿದ್ರು. ಡಿಕ್ಲರೇಶನ್ನಿನಾಗ ಕೆಳಗಿನ ಜಾಗ ಪೂರ್ತಿ ಎಲ್ಲಾರಿಗೂ ಸೇರಿದ್ದು. ಸ್ಟಿಲ್ಟ್ ಪಾರ್ಕಿಂಗನ್ನ (ಬಿಲ್ಡಿಂಗ್ ಕೆಳಗ ಕಂಬದ ನಡುವಿನ ಜಾಗ) ಬಿಲ್ಡರ್ ಸೈತ ಬ್ಯಾರೆ ಮಾರಂಗಿಲ್ಲ ಅಂತ 2010ರಾಗ ಮುಂಬೈ ಕಡೆ ಕೇಸಿನಾಗ ಸುಪ್ರೀಂ ಕೋರ್ಟ್ ಹೇಳೇತಿ, ಇವ್ರ ಚೀಟಿ ಯಾವ ಲೆಕ್ಕ.

ಹಂಗಾಗಿ ಅಡ್ವಾನ್ಸ್ ಕೊಡೂಕಿಂತ ಮೊದಲ ಡಿಕ್ಲರೇಶನ್, ಬೈಲಾ ಎರಡೂ ಕೇಳ್ರಿ, ಸೆಕ್ರೆಟರಿ ಸಹಿ ಶಿಕ್ಕಾ ಇರೋ ಬಾಕಿ ಪತ್ರ ತಗೋರಿ, ಬಾಯಿಮಾತು ಬ್ಯಾಡ, ಸೇಲ್ ಡೀಡಿನಾಗ ಈ ತಾರೀಖಿನ ತನಕದ ಬಾಕಿ ಮಾರೋರದ್ದು ಅಂತ ಒಂದ್ ಸಾಲು ಹಾಕಿಸ್ರಿ, ಪತ್ರ ಕೈಗೆ ಬರೋತನಕ ಒಂದಿಷ್ಟು ರೊಕ್ಕ ಹಿಡ್ಕೋರಿ. ಕೆಲವು ಅಸೋಸಿಯೇಶನ್ ಬರೇ 1960ರ ಸೊಸೈಟಿ ಕಾಯ್ದೆ ಕೆಳಗ ರಿಜಿಸ್ಟರ್ ಆಗಿರ್ತಾವ, ಡಿಕ್ಲರೇಶನ್ನ ಇರಂಗಿಲ್ಲ, ಅಲ್ಲಿ ನಾ ಹೇಳಿದ್ದು ಹಂಗಂಗ ಹೊಂದಂಗಿಲ್ಲ, ಯಾವುದು ಅಂತ ಮೊದಲ ಕೇಳ್ರಿ.

ನಾ ಮೂರ್ ಕಂತಿನಾಗ ಕಟ್ಟಿ ಪಾವತಿ ತಗೊಂಡೆ. ಪುಣೆಗೆ ನೋಟಿಸ್ ಕಳಿಸೇನಿ, ಮುಟ್ಟಿತು ಅಂತ ಸಹಿ ಮಾಡಿದ ಕಾರ್ಡ್ ವಾಪಸ್ ಬಂತು, ರೊಕ್ಕ ಬಂದಿಲ್ಲ.

ಹೋದ ವಾರ ಅದ ಏಜೆಂಟ್ ಗಂಡ ಹೆಂಡ್ತಿ ಇಬ್ರನ್ನ ನಾಕನೇ ಮಾಳಿಗಿ ಫ್ಲಾಟ್ ತೋರಿಸಾಕ ಕರ್ಕೊಂಡ್ ಬಂದಿದ್ದ. ನಾ ಗೇಟ್ ಹೊರಗ ಗಾಡಿ ಹಚ್ಚಾಕತ್ತಿದ್ದೆ. "ಅಕ್ಕಾರ, ಅಸೋಸಿಯೇಶನ್ ಬಾಕಿ ಪತ್ರ ತಗೊಂಡ್ರೇನ್ರಿ?" ಅಂತ ಕೇಳಿದೆ. ಅವ್ರು ಏಜೆಂಟನ ಮಾರಿ ನೋಡಿದ್ರು, ಏಜೆಂಟ್ ಫೋನ್ ಕಿವಿಗೆ ಹಚ್ಚಿ ಹಲೋ ಹಲೋ ಅಂದ್ಕೋತ ಆ ಕಡೆ ಹೋದ. ಫೋನ್ ಬಂದಿದ್ದಂತೂ ನಾ ಕೇಳಿಲ್ಲ.