ಜೋರು ಮಳೆ ಬಂದರೆ ಇಡೀ ಮನೆ ಕತ್ತಲು: ನಮ್ಮನೆ ಆರ್‌ಸಿಸಿಬಿ ಬೋರ್ಡ್

ನಮ್ಮದು ಸಾಗರದ ಕಡೆ ಮನೆ. ಕಿಟ್‌ಕ್ಯಾಟ್ ಫ್ಯೂಸಿನ ಹಳೇ ಮರದ ಬೋರ್ಡ್ ಕೀಳಿಸಿ, ಎಂಸಿಬಿ (ಲೋಡ್ ಹೆಚ್ಚಾದರೆ, ಶಾರ್ಟ್ ಆದರೆ ಆ ಲೈನ್ ಕಡಿಯುವ ಸ್ವಿಚ್), ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್) ಇರುವ ತಗಡಿನ ಡಿಬಿ, ಅಂದರೆ ಡಿಸ್ಟ್ರಿಬ್ಯೂಷನ್ ಬೋರ್ಡ್, ಹಾಕಿಸಿ ಕೆಲವು ಮಳೆಗಾಲ ಕಳೆದಿವೆ. ಎಷ್ಟು ಆಂಪ್, ಎಷ್ಟು ವೇ ಅನ್ನುವುದೆಲ್ಲ ಡಬ್ಬದ ಮೇಲೇ ಇರುತ್ತದೆ, ಬಿಡಿ. ನನ್ನ ತಕರಾರು ಒಂದೇ. ಮಳೆ ಹಿಡಿದು ಬಂದರೆ ಈ ಆರ್‌ಸಿಸಿಬಿ ಟ್ರಿಪ್ ಆಗುತ್ತದೆ. ಅದೂ ಒಂದು ಕೋಣೆಯಲ್ಲ, ಇಡೀ ಮನೆ!

ಆಗ ಶುರು ನಮ್ಮ ಕೆಲಸ. ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಸ್ಟೂಲ್ ಹತ್ತುವುದು. ಎಲ್ಲ ಎಂಸಿಬಿ ಕೆಳಗಿಳಿಸಿ, ಆರ್‌ಸಿಸಿಬಿ ಎತ್ತಿ, ಆಮೇಲೆ ಒಂದೊಂದೇ ಮೇಲೆತ್ತುವುದು. ಯಾವುದಕ್ಕೆ ಟಪ್ ಅಂತ ಬೀಳುತ್ತದೋ ಅದೇ ಕಳ್ಳ ಲೈನು. ನ್ಯೂಟ್ರಲ್ ಎಲ್ಲಾದರೂ ಅರ್ಥಿಂಗಿಗೆ ತಾಗಿದ್ದರೆ ಈ ಆಟವೂ ನಡೆಯುವುದಿಲ್ಲ, ಎಂಸಿಬಿ ಇಳಿಸಿದ್ದರೂ ಬೀಳಬಹುದು. ಅಡುಗೆಮನೆಯಿಂದ ಅಮ್ಮ, "ಆ ಹಳೇ ಫ್ಯೂಸೇ ವಾಸಿಯಾಗಿತ್ತು ಕಣೋ, ಒಂದು ತಂತಿ ಸುತ್ತಿದ್ರೆ ಮುಗೀತಿತ್ತು" ಅಂತಾರೆ.

ತಂತಿ ಸುತ್ತುವುದೇ ಅಪಾಯ ಅಲ್ವಾ? ಕೈಗೆ ಸಿಕ್ಕ ದಪ್ಪ ತಂತಿ ಸುತ್ತಿದರೆ ಫ್ಯೂಸ್ ಹೋಗುವುದಿಲ್ಲ, ಅದರ ಬದಲು ಗೋಡೆಯೊಳಗಿನ ವೈರ್ ಕಾಯುತ್ತದೆ.

ಬೈಯುತ್ತಲೇ ಎಲೆಕ್ಟ್ರೀಷಿಯನ್ ಕರೆಸಿದೆ. ಗೇಟಿನ ದೀಪದ ಜಂಕ್ಷನ್ ಬಾಕ್ಸ್ ತೆಗೆದರೆ ಒಳಗೆ ನೀರು, ಜೊತೆಗೆ ಇರುವೆ ಗೂಡು. ಅದನ್ನು ಸರಿಮಾಡಿದ ಮೇಲೂ ನಿಲ್ಲಲಿಲ್ಲ. ಗೀಸರ್ ಬಿಚ್ಚಿದರು. ಕಾಯಿಲ್ ಸೀಳಿತ್ತು. ನಮ್ಮ ಆರ್‌ಸಿಸಿಬಿ 30 ಮಿಲಿಆಂಪ್‌ನದ್ದು, ಅಷ್ಟು ಸಣ್ಣ ಸೋರಿಕೆಗೇ ಬೀಳುತ್ತದೆ. ಫ್ಯೂಸ್‌ಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಅರ್ಥಿಂಗ್ ಕೈಕೊಟ್ಟಿದ್ದರೆ ಕರೆಂಟು ಬಚ್ಚಲಿನ ನಲ್ಲಿಯವರೆಗೂ ಬರುತ್ತಿತ್ತು. ಅವತ್ತಿನಿಂದ ಅಮ್ಮನೂ ಹಳೇ ಫ್ಯೂಸಿನ ಮಾತು ಕಡಿಮೆ ಮಾಡಿದ್ದಾರೆ.

ಈಗ ಪ್ರತಿ ಅಮಾವಾಸ್ಯೆ ಬೈಕ್ ತೊಳೆದು ಪೂಜೆ ಮುಗಿಸಿ, ಒಳಗೆ ಬಂದು ಆರ್‌ಸಿಸಿಬಿ ಮೇಲಿನ 'ಟಿ' (ಟೆಸ್ಟ್) ಗುಂಡಿ ಒತ್ತುತ್ತೇನೆ. ಅದಕ್ಕೆ ಮೊದಲು "ಕಂಪ್ಯೂಟರ್ ಆಫ್ ಮಾಡೇ" ಅಂತ ಮಗಳಿಗೆ ಕೂಗುವುದು ಕಡ್ಡಾಯ. ಟಪ್ ಅಂದರೆ ಸಮಾಧಾನ. ಆದರೆ ಈ ಗುಂಡಿ ಆರ್‌ಸಿಸಿಬಿಯನ್ನು ಮಾತ್ರ ಪರೀಕ್ಷಿಸುತ್ತದೆ, ಅರ್ಥಿಂಗನ್ನಲ್ಲ.

ಸಡಿಲ ಸ್ಕ್ರೂ ಕೂಡ ಇದರ ಲೆಕ್ಕಕ್ಕೆ ಬರುವುದಿಲ್ಲ. ಒಂದು ಸಲ ಡಿಬಿ ಬಾಗಿಲು ತೆಗೆದರೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಗೀಸರ್ ಎಂಸಿಬಿಯ ಬುಡದಲ್ಲಿ ವೈರಿನ ಸಿಪ್ಪೆ ಕಂದಾಗಿ ಮುರುಟಿತ್ತು. ಎಂಸಿಬಿಯೂ ಬಿದ್ದಿಲ್ಲ, ಆರ್‌ಸಿಸಿಬಿಯೂ ಬಿದ್ದಿಲ್ಲ. ಬೆಂಕಿ ಹತ್ತುವುದು ಹೀಗೇ. ಅದಕ್ಕೇ ಈಗ ಮಳೆಗಾಲಕ್ಕೆ ಮೊದಲು ಮೇನ್ ಆಫ್ ಮಾಡಿಸಿ ಸ್ಕ್ರೂಗಳನ್ನೆಲ್ಲ ಬಿಗಿ ಮಾಡಿಸುತ್ತೇನೆ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿಮೆ ಯಾಕೆಂದರೆ, ಇಡೀ ಮನೆಗೆ ಒಂದೇ ಆರ್‌ಸಿಸಿಬಿ ಸಾಕು ಅಂದದ್ದು ಅಂಗಡಿಯವರು. ನಾವು ಮದುವೆಗೆ ಹೋಗಿದ್ದಾಗ ಅದು ಬಿದ್ದು, ಫ್ರಿಜ್‌ನಲ್ಲಿದ್ದ ಹಾಲು, ಹಿಟ್ಟು ಎಲ್ಲ ಹಾಳು. ಈ ಸಲ ಅಡಿಕೆ ದುಡ್ಡು ಬಂದರೆ ಗೀಸರ್‌ಗೆ ಒಂದು, ಹೊರಗಿನ ದೀಪಕ್ಕೆ ಒಂದು ಆರ್‌ಸಿಬಿಒ (ಎಂಸಿಬಿ, ಆರ್‌ಸಿಸಿಬಿ ಎರಡರ ಕೆಲಸವನ್ನೂ ಮಾಡುವ ಸ್ವಿಚ್) ಹಾಕಿಸಿ, ಎರಡೂ ಲೈನನ್ನು ಈ ಆರ್‌ಸಿಸಿಬಿಯಿಂದ ಬೇರೆ ಮಾಡಿಸುತ್ತೇನೆ.