ವಿಸಿಟ್ ವೀಸಾದಲ್ಲಿ ಗಲ್ಫ್ ಕೆಲಸಕ್ಕೆ ಹೋಗಬೇಡಿ, ದಯವಿಟ್ಟು

ಅಂಕೋಲಾ, ಕುಮಟಾ, ಭಟ್ಕಳ ಕಡೆಯ ಹುಡುಗರು ಇದನ್ನು ಓದಲೇಬೇಕು. ಏಜೆಂಟ್ ಕೈಗೆ ಹಣ ಕೊಡುವ ಮೊದಲು ವೀಸಾದ ಮೇಲೆ ಏನು ಬರೆದಿದೆ ನೋಡಿ. ವಿಸಿಟ್ ಅಥವಾ ಟೂರಿಸ್ಟ್ ಅಂತ ಇದ್ದರೆ ಅದರಲ್ಲಿ ದುಡಿಯುವ ಹಾಗಿಲ್ಲ.

ನನ್ನ ತಮ್ಮನಿಗೆ ದುಬೈಯಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಅಂತ ಕಾರವಾರದ ಒಬ್ಬ ಏಜೆಂಟ್ ಒಂದೂವರೆ ಲಕ್ಷ ತೆಗೆದುಕೊಂಡ. ಕೊನೆಗೆ ಬಂದದ್ದು ವಿಸಿಟ್ ವೀಸಾ. "ಅಲ್ಲಿ ಹೋದ ಮೇಲೆ ಚೇಂಜ್ ಮಾಡಿಸ್ತೇವೆ, ಏರ್‌ಪೋರ್ಟಲ್ಲಿ ಕೇಳಿದ್ರೆ ನೆಂಟರ ಮನೆಗೆ ಅನ್ನು" ಅಂದ. ಸುಳ್ಳು ಹೇಳಿಸಿ ಕಳಿಸುವ ಕೆಲಸ ಎಂಥ ಕೆಲಸ? ತಮ್ಮ ಹತ್ತನೇ ಕ್ಲಾಸ್ ಪಾಸಾಗಿಲ್ಲ, ಅವನದು ಇಸಿಆರ್ (ಎಮಿಗ್ರೇಷನ್ ಚೆಕ್ ರಿಕ್ವೈರ್ಡ್) ಪಾಸ್‌ಪೋರ್ಟ್. ಅಂಥವರು ಯುಎಇಗೆ ಕೆಲಸಕ್ಕೆ ಹೋಗಬೇಕಾದರೆ ನಮ್ಮ ಸರ್ಕಾರದ ಎಮಿಗ್ರೇಷನ್ ಕ್ಲಿಯರೆನ್ಸ್, ಅಂದರೆ ಹೋಗಲು ಅನುಮತಿ, ಬೇಕು. ಅದರಲ್ಲಿ ಕಂಪನಿ, ಸಂಬಳ, ವಿಮೆ ಎಲ್ಲ ದಾಖಲಾಗುತ್ತದೆ. ಆ ದಾಖಲೆ ತಪ್ಪಿಸಲಿಕ್ಕೇ ಈ ವಿಸಿಟ್ ವೀಸಾದ ದಾರಿ.

ತಮ್ಮ ದುಬೈಗೆ ಹೋದ. ಅಲ್ಲಿ ಮಾಲೀಕರು ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡರು. ವೀಸಾ ಖರ್ಚು ಅಂತ ಸಂಬಳ ಹಿಡಿದರು. ವೀಸಾ ಮುಗಿದ ಮೇಲೆ ದಿನಕ್ಕೆ 50 ದಿರ್ಹಂ ದಂಡ ಬೆಳೆಯುತ್ತಾ ಹೋಯಿತು, ಕೇಳಿದರೆ "ಪೊಲೀಸರಿಗೆ ಹಿಡಿದು ಕೊಡ್ತೇವೆ" ಅನ್ನುವ ಬೆದರಿಕೆ, ಪಾಪ ಅವನು ಮನೆಗೆ ಫೋನ್ ಮಾಡಿದರೂ ಎಲ್ಲ ಸರಿ ಇದೆ ಅಂತಲೇ ಹೇಳುತ್ತಿದ್ದ. ನಿಜ ಏನೆಂದರೆ ಅಲ್ಲಿನ ಕಾನೂನೇ ಅವನ ಪರ ಇತ್ತು. ಕೆಲಸಗಾರರ ಪಾಸ್‌ಪೋರ್ಟನ್ನು ಮಾಲೀಕರು ಇಟ್ಟುಕೊಳ್ಳುವಂತಿಲ್ಲ, ನೇಮಕಾತಿ ಖರ್ಚನ್ನು ಅವರಿಂದ ವಸೂಲಿ ಮಾಡುವಂತಿಲ್ಲ. ಕೆಲಸದ ಪರ್ಮಿಟ್ ಇಲ್ಲದೆ ದುಡಿಸಿದ ಮಾಲೀಕರಿಗೆ ದಂಡ 1 ಲಕ್ಷ ದಿರ್ಹಂನಿಂದ ಶುರು. ಅವರೂ ಹೆದರಬೇಕಾದವರೇ. ಇದು ಗೊತ್ತಿಲ್ಲದೆ ಎಷ್ಟು ಜನ ಸುಮ್ನೆ ನರಳುತ್ತಿದ್ದಾರೋ.

ಕೊನೆಗೆ ರೂಮಿನವರೊಬ್ಬರು ದುಬೈನ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ನಂಬರ್ ಕೊಟ್ಟರು: 80046342. ಅಲ್ಲಿಂದ ಕರೆ ಉಚಿತ. ಅವರ ಮೂಲಕ ಅಲ್ಲಿನ ಭಾರತೀಯ ಕಾನ್ಸುಲೇಟ್‌ಗೆ ವಿಷಯ ಹೋಯಿತು, ಪಾಸ್‌ಪೋರ್ಟ್ ವಾಪಸ್ ಬಂತು. ದಂಡ ಕಟ್ಟಲು ಅಮ್ಮನ ಸರ ಅಡವಿಟ್ಟೆವು. ಸಂಬಳ ಬರಲಿಲ್ಲ.

ಏಜೆಂಟ್ ನೋಂದಣಿ ಆಗಿದ್ದಾನಾ ಅಂತ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನೋಡಬಹುದು. ನೋಂದಣಿ ಇರುವವರೂ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಕ್ಯಾಶ್ ಅಂತೂ ಕೊಡಲೇಬೇಡಿ. ನಾವು ಪೊಲೀಸ್ ದೂರು ಕೊಟ್ಟಿದ್ದೇವೆ, ಬ್ಯಾಂಕಿನಿಂದ ಹಾಕಿದ ಹಣಕ್ಕೆ ಮಾತ್ರ ಲೆಕ್ಕ ತೋರಿಸಲು ಆಯಿತು, ಕೈಯಲ್ಲಿ ಕೊಟ್ಟದ್ದನ್ನು ಅವನು ತೆಗೆದುಕೊಂಡೇ ಇಲ್ಲ ಅನ್ನುತ್ತಿದ್ದಾನೆ.